ಥೈರಾಯ್ಡ್ ಮಾತ್ರೆ ಶುರುವಾಗುವ ತನಕ, ಶುರುವಾದ ಮೇಲೆ

ಸುಸ್ತು ಅಂತ ಹೋದ ಹೆಂಗಸಿಗೆ ಮೊದಲು ಸಿಗುವುದು ಕಬ್ಬಿಣದ ಮಾತ್ರೆ. ನನಗೂ ಅದೇ ಸಿಕ್ಕಿತು. ಹಿಮೋಗ್ಲೋಬಿನ್ ಕಡಿಮೆ ಇದ್ದದ್ದು ನಿಜ. ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತಿತ್ತು. ಯಾಕೆ ಅಷ್ಟು ಹೋಗುತ್ತಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕೂದಲು ಉದುರಿದ್ದಕ್ಕೆ ಚರ್ಮದ ಡಾಕ್ಟರು, ಮಲಬದ್ಧತೆಗೆ ಹೊಟ್ಟೆ ಡಾಕ್ಟರು, ಮನಸ್ಸು ಮಂಕಾಗಿದ್ದಕ್ಕೆ "ಟೆನ್ಶನ್ ಮಾಡ್ಕೋಬೇಡಿ" ಎಂಬ ಮಾತು. ಹೀಗೇ ವರ್ಷಗಳು ಹೋದವು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲೂ ನಾನು ಫ್ಯಾನ್ ಆರಿಸಿ ಹೊದ್ದು ಮಲಗುತ್ತಿದ್ದೆ. ಊಟ ಕಡಿಮೆ ಮಾಡಿದರೂ ತೂಕ ಏರುತ್ತಿತ್ತು.

ನಡುವೆ ಒಮ್ಮೆ ಟಿಎಸ್‌ಎಚ್ ಪರೀಕ್ಷೆ ಆಗಿತ್ತು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು ಇದು, ಗ್ರಂಥಿಯ ಕೆಲಸ ಕುಂದಿದಾಗ ಇದರ ಅಂಕಿ ಏರುತ್ತದೆ. 6.8 ಬಂತು. ಲ್ಯಾಬ್‌ನವರು ಕೊಟ್ಟ ಮಿತಿ 4.5. "ಸ್ವಲ್ಪ ಜಾಸ್ತಿ, ಪರವಾಗಿಲ್ಲಮ್ಮ" ಎಂದರು ಡಾಕ್ಟರು. ಹತ್ತರ ಒಳಗಿದ್ದಾಗ ತಕ್ಷಣ ಮಾತ್ರೆ ಕೊಡದೆ ಕಾಯುವುದು ಉಂಟು, ಅದನ್ನು ಒಪ್ಪುತ್ತೇನೆ. ಆದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕಲ್ವಾ? ಆ ಮಾತನ್ನೇ ಹೇಳದೆ ಕಳಿಸಿದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಫೈಲು. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದೆ. ಯಾವ ತೊಂದರೆ ಯಾವಾಗ ಶುರುವಾಯಿತು ಎಂದು ಒಂದೇ ಹಾಳೆಯಲ್ಲಿ ಬರೆದು ಮೇಲಿಟ್ಟೆ. ಅದುವರೆಗೆ ಒಬ್ಬೊಬ್ಬ ಡಾಕ್ಟರೂ ಒಂದೊಂದು ತೊಂದರೆಯನ್ನಷ್ಟೇ ನೋಡಿದ್ದರು. ಹೊಸ ಫಿಸಿಶಿಯನ್ ಎಲ್ಲವನ್ನೂ ಒಟ್ಟಿಗೆ ಓದಿದರು. ನೀರು ನುಂಗಿಸಿ ಕತ್ತು ಮುಟ್ಟಿ ನೋಡಿದರು. ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಅಲುಗಿತು, ಆದರೆ ತುಂಬಾ ನಿಧಾನವಾಗಿ ವಾಪಸ್ ಬಂತು. "ಥೈರಾಯ್ಡ್ ಕಡಿಮೆ ಇದ್ದರೆ ಹೀಗಾಗುತ್ತೆ" ಎಂದರು. ಈ ಸಲ ಟಿಎಸ್‌ಎಚ್ 24. ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನು ಎಫ್‌ಟಿ4 ಕಡಿಮೆ, ಆ ಗ್ರಂಥಿಯ ವಿರುದ್ಧ ಮೈಯೇ ಮಾಡುವ ಪ್ರತಿಕಾಯ ಆಂಟಿ ಟಿಪಿಒ ಬಹಳ ಜಾಸ್ತಿ. ಹಾಶಿಮೊಟೊ ಕಾಯಿಲೆ. ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡುವುದು. ಜಪಾನಿನ ಡಾಕ್ಟರೊಬ್ಬರು 1912ರಲ್ಲೇ ವಿವರಿಸಿದ್ದ ಕಾಯಿಲೆ ಇದು. ಹೆಸರು ಗೊತ್ತಾದ ದಿನ ನಾನು ಅತ್ತುಬಿಟ್ಟೆ, ದುಃಖಕ್ಕಲ್ಲ.

ಥೈರಾಯ್ಡ್ ಹಾರ್ಮೋನಿನ ಮಾತ್ರೆ ಲಿವೊಥೈರಾಕ್ಸಿನ್, 50 ಮೈಕ್ರೊಗ್ರಾಂನಿಂದ ಶುರು. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಕಷ್ಟವಾದದ್ದು ಕಾಫಿ. ಎದ್ದ ತಕ್ಷಣ ಫಿಲ್ಟರ್ ಕಾಫಿ ಕುಡಿಯುವ ಮನೆ ನಮ್ಮದು. ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೆ ಮಾತ್ರೆ, ನೀರು ಎರಡನ್ನೂ ಹಾಸಿಗೆ ಪಕ್ಕ ಇಟ್ಟೆ. ಕಣ್ಣು ಬಿಟ್ಟ ಕೂಡಲೇ ನುಂಗುವುದು. ಅಂಗಳ ಗುಡಿಸಿ, ಸ್ನಾನ ಮುಗಿಸುವ ಹೊತ್ತಿಗೆ ಒಂದು ಗಂಟೆ ಆಗಿರುತ್ತದೆ. ಆಮೇಲೆ ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಅವನ್ನು ಮಧ್ಯಾಹ್ನಕ್ಕೆ, ರಾತ್ರಿಗೆ ತಳ್ಳಿದೆ. ಕೂದಲಿಗೆಂದು ಕೊಟ್ಟಿದ್ದ ಮಾತ್ರೆಯಲ್ಲಿ ಬಯೋಟಿನ್ ಇತ್ತು. ಅದು ರಕ್ತಪರೀಕ್ಷೆಯ ಅಂಕಿಗಳನ್ನೇ ತಪ್ಪಿಸಬಹುದಂತೆ. ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಲು ಹೇಳಿದರು.

ಮೊದಲ ವಾರ ಏನೂ ಆಗಲಿಲ್ಲ. ಮೈಯಲ್ಲಿ ಈ ಔಷಧಿಯ ಮಟ್ಟ ಒಂದು ಹದಕ್ಕೆ ಬರಲು ಸುಮಾರು ಆರು ವಾರ ಬೇಕು. ಅದಕ್ಕೇ ಮುಂದಿನ ಪರೀಕ್ಷೆಯೂ ಆರರಿಂದ ಎಂಟು ವಾರಕ್ಕೆ. ಮೊದಲು ಹೊಟ್ಟೆ ಸರಿಯಾಯಿತು. ನಂತರ ಚಳಿ ಬಿಟ್ಟಿತು. ಮುಖದ ಊತ ಇಳಿಯಿತು. ತೂಕ ಸ್ವಲ್ಪವೇ ಇಳಿದದ್ದು. ತೂಕ ಕರಗಿಸುವ ಮಾತ್ರೆ ಇದಲ್ಲ, ಆ ಆಸೆ ಇಟ್ಟುಕೊಂಡು ಸುಮ್ನೆ ನೊಂದುಕೊಳ್ಳಬೇಡಿ. ಕೂದಲಿಗೆ ಇನ್ನೂ ತಿಂಗಳುಗಳೇ ಹಿಡಿದವು. ಟಿಎಸ್‌ಎಚ್ 9ಕ್ಕೆ ಇಳಿದಾಗ ಡೋಸು 75 ಆಯಿತು. ಈಗ 2ರ ಆಸುಪಾಸಿನಲ್ಲಿದೆ.

"ದಿನಾ ಮಾತ್ರೆ ತಿಂದರೆ ಅದೇ ಅಭ್ಯಾಸ ಆಗುತ್ತೆ, ನಿಲ್ಲಿಸಮ್ಮ" ಎಂದು ಅತ್ತೆ ಅಂದರು. "ನನ್ನ ಗ್ರಂಥಿ ಮಾಡಬೇಕಾದ ಹಾರ್ಮೋನನ್ನೇ ಹೊರಗಿನಿಂದ ಕೊಡ್ತಿರೋದು ಅತ್ತೆ" ಎಂದು ಬಿಡಿಸಿ ಹೇಳಿದೆ. ಈಗ ಬೆಳಿಗ್ಗೆ ಅವರೇ "ಮಾತ್ರೆ ಆಯ್ತಾ?" ಅಂತ ಕೇಳುತ್ತಾರೆ.

ಈ ಕಾಯಿಲೆ ಒಂದೇ ಮನೆತನದಲ್ಲಿ ಹಲವರಿಗೆ ಬರುವುದುಂಟು. ನನ್ನ ತಂಗಿಗೆ ಮದುವೆ ನಿಶ್ಚಯವಾಗಿದೆ. ಬಸಿರಿನಲ್ಲಿ ಥೈರಾಯ್ಡ್ ಕಡಿಮೆಯಾದರೆ ತಾಯಿ ಮಗು ಇಬ್ಬರಿಗೂ ತೊಂದರೆ. ಅದಕ್ಕೆ ಅವಳಿಗೂ ಟಿಎಸ್‌ಎಚ್ ಮಾಡಿಸಿ, ರಿಪೋರ್ಟನ್ನು ಹೊಸದೊಂದು ಫೈಲಿಗೆ ಹಾಕಿ ಕೊಟ್ಟಿದ್ದೇನೆ.