ಅಕ್ಷಿಪಟಲದ ಯಾವ ಭಾಗ ಏನನ್ನು ಕಾಣುತ್ತದೆ: ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಬಗೆ

ಕಣ್ಣಿನ ಒಳಗೋಡೆಯ ಹಿಂಭಾಗವನ್ನು ಆವರಿಸಿರುವ ಅಕ್ಷಿಪಟಲ, ಅಂದರೆ ರೆಟಿನಾ, ಎಲ್ಲೆಡೆಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಕಾಗದ, ಪೆನ್ನು ಮತ್ತು ಕತ್ತಲ ಆಕಾಶವಿದ್ದರೆ ಈ ವ್ಯತ್ಯಾಸವನ್ನು ಯಾರೂ ಕಂಡುಕೊಳ್ಳಬಹುದು.

ಮೊದಲು ನಡುಭಾಗ. ಈ ಸಾಲಿನ ಯಾವುದಾದರೂ ಒಂದು ಅಕ್ಷರದ ಮೇಲೆ ದೃಷ್ಟಿ ನೆಟ್ಟು, ಕಣ್ಣು ಕದಲಿಸದೆ ಅಕ್ಕಪಕ್ಕದ ಪದಗಳನ್ನು ಓದಲು ಯತ್ನಿಸಿ. ಒಂದೆರಡು ಪದ ದಾಟುವಷ್ಟರಲ್ಲಿ ಒತ್ತು ಯಾವುದು, ಕೊಂಬು ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಅಕ್ಷಿಪಟಲದ ನಡುಭಾಗವಾದ ಮ್ಯಾಕುಲಾದ ಮಧ್ಯದಲ್ಲಿ ಸುಮಾರು 1.5 ಮಿಲಿಮೀಟರ್ ಅಗಲವಿರುವ ಫೋವಿಯಾ ಎಂಬ ತಗ್ಗಿನಲ್ಲಿ ಮಾತ್ರ, ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುವ ಶಂಕುಕೋಶಗಳು ಅತಿ ದಟ್ಟವಾಗಿರುವುದೇ ಇದಕ್ಕೆ ಕಾರಣ.

ಎರಡನೆಯದು ಅಂಧಬಿಂದು. ಬಿಳಿ ಕಾಗದದ ಎಡಕ್ಕೆ ಗುಣಿಸು ಚಿಹ್ನೆಯನ್ನೂ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ದಪ್ಪ ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಿಸು ಚಿಹ್ನೆಯನ್ನಷ್ಟೇ ನೋಡುತ್ತ, ಕೈ ಚಾಚಿ ಹಿಡಿದ ಕಾಗದವನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಆಗ ಚುಕ್ಕೆಯ ಬಿಂಬ ಬೀಳುವುದು ಕಣ್ಣಿನಿಂದ ದೃಷ್ಟಿನರ ಹೊರಟುಹೋಗುವ ಜಾಗದ ಮೇಲೆ; ಆ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಅಲ್ಲಿ ಕಪ್ಪು ರಂಧ್ರವೇನೂ ಕಾಣದೆ ಬರಿಯ ಬಿಳಿ ಕಾಗದವೇ ಕಾಣುವುದು ಈ ಪ್ರಯೋಗದ ನಿಜವಾದ ಸ್ವಾರಸ್ಯ: ಮಿದುಳು ಸುತ್ತಲಿನ ಬಣ್ಣದಿಂದಲೇ ತೇಪೆ ಹಾಕಿಬಿಡುತ್ತದೆ. ಚುಕ್ಕೆಯ ಮೂಲಕ ಗೆರೆಯೊಂದನ್ನು ಎಳೆದು ಮತ್ತೆ ನೋಡಿದರೆ, ಗೆರೆ ತುಂಡಾಗದೆ ಮುಂದುವರಿದಂತೆ ತೋರುತ್ತದೆ.

ಅಂಚಿನ ಭಾಗವನ್ನು ಅರಿಯಲು ಇನ್ನೊಬ್ಬರ ನೆರವು ಬೇಕು. ನೀವು ನೇರ ಮುಂದಕ್ಕೆ ನೋಡುತ್ತಿರುವಾಗ, ಅವರು ನಿಮಗೆ ಗೊತ್ತಿಲ್ಲದ ಬಣ್ಣದ ಪೆನ್ನೊಂದನ್ನು ಕಿವಿಯ ಹಿಂದಿನಿಂದ ಅಲುಗಾಡಿಸುತ್ತ ಮುಂದೆ ತರಲಿ. ಅಲುಗಾಟ ಮೊದಲು ಅರಿವಿಗೆ ಬರುತ್ತದೆ, ಬಣ್ಣ ತಡವಾಗಿ.

ಕತ್ತಲಲ್ಲಿ ಕೆಲಸ ಮಾಡುವವು ದಂಡಕೋಶಗಳು. ಇವು ಫೋವಿಯಾದ ನಟ್ಟನಡುವೆ ಇಲ್ಲವೇ ಇಲ್ಲ. ಅಲ್ಲಿಂದ ಸುಮಾರು 20 ಡಿಗ್ರಿ ಆಚೆ ಅತಿ ದಟ್ಟವಾಗಿವೆ. ಮೊಬೈಲನ್ನು ಒಳಗಿಟ್ಟು ಅರ್ಧ ಗಂಟೆ ಕತ್ತಲಲ್ಲಿ ಕುಳಿತ ಮೇಲೆ ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದ ಅರುಂಧತಿಯನ್ನು ಹುಡುಕಿರಿ. (ಮದುವೆಯಲ್ಲಿ ಹಗಲು ಹೊತ್ತಿನಲ್ಲಿ ತೋರಿಸುವ ಅರುಂಧತಿ ಯಾವ ಅಕ್ಷಿಪಟಲಕ್ಕೂ ನಿಲುಕದು.) ನೆಟ್ಟ ನೋಟಕ್ಕೆ ಮಸುಕಾಗಿ ತಪ್ಪಿಸಿಕೊಳ್ಳುವ ನಕ್ಷತ್ರ, ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಿದಾಗ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಇವೆಲ್ಲ ಆರೋಗ್ಯವಂತ ಕಣ್ಣಿನ ಗುಣಗಳೇ. ಆದರೆ ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣಿನಿಂದ ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ನೋಡಿದಾಗ ನೇರ ಗೆರೆಗಳು ಡೊಂಕಾಗಿ ಕಂಡರೆ, ಅಥವಾ ನಡುವಿನ ಚೌಕಗಳು ಅಳಿಸಿಹೋದಂತೆ ಇದ್ದರೆ, ಮ್ಯಾಕುಲಾಕ್ಕೆ ತೊಂದರೆಯಾಗಿರಬಹುದು. ತಡಮಾಡದೆ ನೇತ್ರತಜ್ಞರನ್ನು ಕಾಣಬೇಕು. ಹಠಾತ್ತನೆ ಮಿಂಚು, ತೇಲುವ ಕಪ್ಪು ಚುಕ್ಕೆಗಳ ಸುರಿಮಳೆ ಅಥವಾ ಅಂಚಿನಿಂದ ಪರದೆ ಇಳಿದಂಥ ಅನುಭವವಾದರೆ ಅಕ್ಷಿಪಟಲ ಕಳಚಿಕೊಳ್ಳುತ್ತಿರುವ ಸಾಧ್ಯತೆಯಿದೆ. ನೋವಿಲ್ಲವೆಂದು ಮರುದಿನಕ್ಕೆ ಮುಂದೂಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.