ಕೊಡಗಿನ ಗಾಡಿಗೆ ಇಂಜಿನ್ ಆಯಿಲ್: ಯಾವುದು ಹಾಕಬೇಕು, ಯಾವಾಗ ಬದಲಿಸಬೇಕು

ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ‘ಒಳ್ಳೆ ಆಯಿಲ್ ಕೊಡಿ’ ಎಂದರೆ ಗಾಡಿ ಯಾವುದು ಎಂದು ಕೇಳುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುತ್ತಾರೆ. ಒಂದು ಸಲ ಸ್ಟಾರ್ಟ್ ಮಾಡಿದರೆ ಎಷ್ಟು ಹೊತ್ತು ಓಡಿಸುತ್ತೀರಿ ಎಂದು ಮಾತ್ರ ಕೇಳುವುದಿಲ್ಲ. ಕೊಡಗಿನಲ್ಲಿ ಆಯಿಲ್‌ನ ಆಯಸ್ಸು ನಿಂತಿರುವುದು ಬಹುಮಟ್ಟಿಗೆ ಈ ಮೂರನೆಯ ಪ್ರಶ್ನೆಯ ಮೇಲೆ.

ಲೆಕ್ಕ ಹಾಕಿ ನೋಡಿ. ಮೈಸೂರು–ಬೆಂಗಳೂರು ರಸ್ತೆಯಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರ್ ಓಡುವ ಕಾರು 10,000 ಕಿಲೋಮೀಟರ್ ಮುಗಿಸುವಾಗ ಇಂಜಿನ್ 200 ಗಂಟೆ ತಿರುಗಿರುತ್ತದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ತಿರುವುಗಳಲ್ಲಿ ಸರಾಸರಿ 25ರಲ್ಲಿ ಓಡುವ ಅದೇ ಕಾರಿಗೆ 5,000 ಕಿಲೋಮೀಟರಿಗೇ 200 ಗಂಟೆ ಆಗಿಬಿಟ್ಟಿರುತ್ತದೆ. ತೋಟದೊಳಗೆ ಲೋ ಗೇರ್‌ನಲ್ಲಿ ಗಂಟೆಗೆ 12 ಕಿಲೋಮೀಟರಿನಂತೆ ತೆವಳುವ ಜೀಪಿಗೆ ಬರೀ 2,400 ಕಿಲೋಮೀಟರ್ ಸಾಕು. ಮೀಟರ್ ಇನ್ನೂ ಕಡಿಮೆ ತೋರಿಸುತ್ತಿದೆ ಎಂದು ಸುಮ್ಮನಿದ್ದರೆ ಆಯಿಲ್ ಒಳಗೆ ಸತ್ತಿರುತ್ತದೆ.

ಡಬ್ಬದ ಮುಂದಿನ ಸಂಖ್ಯೆ

5ಡಬ್ಲ್ಯೂ-30, 15ಡಬ್ಲ್ಯೂ-40, 20ಡಬ್ಲ್ಯೂ-50 ಎಂದೆಲ್ಲ ಬರೆದಿರುತ್ತದಲ್ಲ, ಅದರ ಮೊದಲ ಭಾಗ ಇಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಅಳತೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ದಪ್ಪ ಉಳಿಯುತ್ತದೆ ಎಂಬುದರದು. 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ, 15ಡಬ್ಲ್ಯೂ ಅನ್ನು ಮೈನಸ್ 20ರಲ್ಲಿ, 5ಡಬ್ಲ್ಯೂ ಅನ್ನು ಮೈನಸ್ 30ರಲ್ಲಿ ಪರೀಕ್ಷಿಸಿರುತ್ತಾರೆ. ಮಡಿಕೇರಿಯ ಜನವರಿ ಬೆಳಗು ನಮಗೆ ಚಳಿ, ಆಯಿಲ್‌ಗಲ್ಲ. ಹಾಗಾಗಿ ‘ಇಲ್ಲಿ ಚಳಿ ಜಾಸ್ತಿ’ ಎಂಬ ಒಂದೇ ಕಾರಣಕ್ಕೆ 0ಡಬ್ಲ್ಯೂ ಹುಡುಕಿಕೊಂಡು ಹೋಗಬೇಕಿಲ್ಲ. ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20 ಎಂದಿದ್ದರೆ ಮಾತ್ರ ಅದನ್ನೇ ಹಾಕಬೇಕು.

ಇದರ ಉಲ್ಟಾ ತಪ್ಪೇ ನಮ್ಮಲ್ಲಿ ಹೆಚ್ಚು. ಘಾಟಿ ಹತ್ತುವ ಗಾಡಿಗೆ ದಪ್ಪ ಆಯಿಲ್ ಒಳ್ಳೆಯದು ಎಂದು ಹೊಸ ಪೆಟ್ರೋಲ್ ಕಾರಿಗೂ 20ಡಬ್ಲ್ಯೂ-50 ಸುರಿಯುತ್ತಾರೆ. ತೆಳು ಆಯಿಲ್‌ಗೆಂದೇ ಮಾಡಿದ ಇಂಜಿನ್ನಿನಲ್ಲಿ ಬೇರಿಂಗ್‌ಗಳ ಸಂದು, ಆಯಿಲ್ ಪಂಪು, ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಎಲ್ಲವೂ ಅದಕ್ಕೆ ಹೊಂದಿಕೊಂಡಿರುತ್ತವೆ. ದಪ್ಪ ಆಯಿಲ್ ಬೆಳಗ್ಗೆ ಮೇಲಿನ, ವಾಲ್ವ್ ತೆರೆಯುವ ಕ್ಯಾಮ್‌ವರೆಗೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಮೈಲೇಜ್ ಇಳಿಯುತ್ತದೆ. ಹಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಇಂಜಿನ್ನಿನ ಜೀಪಿನ ವಿಷಯ ಬೇರೆ. ಅದಕ್ಕೆ 15ಡಬ್ಲ್ಯೂ-40 ಡೀಸೆಲ್ ಆಯಿಲೇ ಸರಿ. ತೆಳು ಆಯಿಲ್ ಹಾಕಿದರೆ, ಸವೆದ ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ನಿಂತಾಗ ಆಯಿಲ್ ಪ್ರೆಷರ್ ದೀಪ ಮಿಣುಕುತ್ತದೆ. ಮ್ಯಾನುಯಲ್‌ನಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ, ಹೊರೆ ಹೊತ್ತು ಸಂಪಾಜೆ, ಮಾಕುಟ್ಟ ಘಾಟಿ ಹತ್ತುವ ಗಾಡಿಗೆ ಅವುಗಳಲ್ಲಿ ದಪ್ಪನೆಯದನ್ನು ಆರಿಸಬಹುದು. ಪಟ್ಟಿಯ ಹೊರಗಿನದು ಬೇಡ.

ಡಬ್ಬದ ಹಿಂದಿನ ಸಾಲು

ಗ್ರೇಡ್‌ಗಿಂತ ಮುಖ್ಯವಾದ ಮಾತು ಡಬ್ಬದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು) ಎಂಬುದರ ಮುಂದೆ ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್‌ಗೆ: ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಹೀಗೆ ಹೊಸದಾಗುತ್ತಾ ಹೋಗುತ್ತದೆ. ಎಸ್‌ಪಿ 2020ರಲ್ಲಿ ಬಂದದ್ದು; ಟರ್ಬೊ ಇರುವ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಇಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಹೆಚ್ಚು ಹೊರೆ ಬಿದ್ದಾಗ ಇಂಧನ ಹೊತ್ತಿಗೆ ಮುಂಚೆಯೇ ಹತ್ತಿಕೊಳ್ಳುವುದನ್ನು ಅದು ತಡೆಯುತ್ತದೆ. ಏರಿನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತುವವರಿಗೆ ಇದು ಬೇಕೇಬೇಕು.

ಡೀಸೆಲ್‌ಗೆ ಸಿ ಅಕ್ಷರ: ಸಿಎಚ್-4, ಸಿಐ-4, ಸಿಕೆ-4. ಹಳೆಯ ಜೀಪು, ಪಿಕಪ್‌ಗೆ ಸಿಐ-4 ಧಾರಾಳವಾಯಿತು. ಆದರೆ 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಯ ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕುವಂತಿಲ್ಲ. ಆಯಿಲ್ ಸುಟ್ಟಾಗ ಉಳಿಯುವ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲಾಗದು. ಅದಕ್ಕೆ ಕಡಿಮೆ ಬೂದಿಯ ಆಯಿಲೇ ಆಗಬೇಕು. ಮ್ಯಾನುಯಲ್‌ನಲ್ಲಿ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘದ ಗುರುತು) ಸಿ2, ಸಿ3 ಎಂದೋ ಕಂಪನಿಯ ಸ್ವಂತ ನಂಬರ್ ಎಂದೋ ಇರುತ್ತದೆ. ಅಕ್ಷರ ಅಕ್ಷರ ತಾಳೆ ನೋಡಿ. ಇಲ್ಲಿ ಉಳಿಸುವ ಮುನ್ನೂರು ರೂಪಾಯಿ ಡಿಪಿಎಫ್ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಬೈಕಿನಲ್ಲಿ ಒಂದೇ ಆಯಿಲ್ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರನ್ನೂ ನೋಡಿಕೊಳ್ಳುತ್ತದೆ. ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದು ಬರೆದಿರಲೇಬೇಕು. ಮನೆಯಲ್ಲಿ ಉಳಿದ ಕಾರಿನ ಆಯಿಲ್ ಹಾಕಿದರೆ ಅದರಲ್ಲಿನ ಜಾರಿಸುವ ರಾಸಾಯನಿಕದಿಂದ ಕ್ಲಚ್ ಪ್ಲೇಟ್ ಹಿಡಿಯದೆ ಹೋಗಬಹುದು. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ, ಏರಿನಲ್ಲಿ ಇಂಜಿನ್ ಕಿರುಚುತ್ತದೆ, ಬೈಕು ಮುಂದೆ ಹೋಗುವುದಿಲ್ಲ. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣ ಕ್ಲಚ್, ಅದಕ್ಕೆ ಜಾಸೊ ಎಂಬಿ.

ಸಿಂಥೆಟಿಕ್ ಬೇಕೇ? ಟರ್ಬೊ ಗಾಡಿಗೆ, ಮ್ಯಾನುಯಲ್ ಕೇಳಿದ್ದರೆ, ಹೌದು. ಶಾಖಕ್ಕೆ ಅದು ಬೇಗ ಕೆಡುವುದಿಲ್ಲ. ಆದರೆ ಸಿಂಥೆಟಿಕ್ ಹಾಕಿದ್ದೇನೆ, ಎರಡು ಪಟ್ಟು ಓಡಿಸುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಆಯಿಲನ್ನು ಕೆಡಿಸುವುದು ಶಾಖಕ್ಕಿಂತ ಹೆಚ್ಚಾಗಿ ನೀರು ಮತ್ತು ಸುಡದೆ ಉಳಿದ ಇಂಧನ. ಅವು ಸಿಂಥೆಟಿಕ್ಕನ್ನೂ ಬಿಡುವುದಿಲ್ಲ. ತೋಟದ ಜೀಪಿಗೆ ಬೇಗ ಬೇಗ ಬದಲಿಸುವ ಸಾಧಾರಣ ಮಿನರಲ್ ಆಯಿಲೇ ಮೇಲು.

ಮಳೆಗಾಲ ಏನು ಮಾಡುತ್ತದೆ

ಇಂಧನ ಸುಟ್ಟಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿಳಿದು, ತಣ್ಣಗಿರುವ ಇಂಜಿನ್ ಗೋಡೆಗೆ ತಾಗಿ ಹನಿಯಾಗುತ್ತದೆ. ಆಯಿಲ್ ಚೆನ್ನಾಗಿ ಕಾದರೆ, ಅಂದರೆ 80–90 ಡಿಗ್ರಿ ದಾಟಿ ಸ್ವಲ್ಪ ಹೊತ್ತು ಹಾಗೇ ಇದ್ದರೆ, ಆ ನೀರು ಮತ್ತೆ ಆವಿಯಾಗಿ ಹೊರಟುಹೋಗುತ್ತದೆ. ಮೀಟರಿನ ಮುಳ್ಳು ಐದಾರು ನಿಮಿಷಕ್ಕೆ ನಡುವಿಗೆ ಬರುತ್ತದಲ್ಲ, ಅದು ಕೂಲೆಂಟ್‌ನ, ಅಂದರೆ ಇಂಜಿನ್ ತಂಪಿಡುವ ದ್ರವದ ಬಿಸಿ. ಆಯಿಲ್ ಕಾಯಲು 15–20 ನಿಮಿಷದ ಓಟ ಬೇಕು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮನೆಯಿಂದ ಮೂರು ಕಿಲೋಮೀಟರ್ ದೂರದ ಡೈರಿಗೆ, ಶಾಲೆ ಬಸ್ ನಿಲ್ಲುವಲ್ಲಿಗೆ ಹೋಗಿ ಬರುವ ಗಾಡಿಯಲ್ಲಿ ಆಯಿಲ್ ದಿನವೂ ಒದ್ದೆಯಾಗುತ್ತದೆ, ಒಂದು ದಿನವೂ ಒಣಗುವುದಿಲ್ಲ.

ಆಯಿಲ್ ಹಾಕುವ ಮುಚ್ಚಳ ತಿರುಗಿಸಿದಾಗ ಒಳಗಡೆ ಹಾಲು ಕಾಫಿ ಬಣ್ಣದ ಕೆನೆ ಕಂಡರೆ ಇದೇ ಕಾರಣ. ಹೆದರುವ ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಮುಚ್ಚಳದಲ್ಲಿ ಮಾತ್ರ ಕೆನೆ ಇದ್ದು, ಕಡ್ಡಿಯ ಮೇಲಿನ ಆಯಿಲ್ ಚೊಕ್ಕವಾಗಿದ್ದು, ಕೂಲೆಂಟ್ ಕಡಿಮೆಯಾಗದಿದ್ದರೆ ಅದು ಗಿಡ್ಡ ಓಡಾಟದ ತೇವ. ಮುಚ್ಚಳ ಒರೆಸಿ, ಒಂದು ದಿನ ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗಿ ಬನ್ನಿ. ಕಡ್ಡಿಯ ಆಯಿಲೇ ಬೆಳ್ಳಗಾಗಿದ್ದರೆ, ಕೂಲೆಂಟ್ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಹೋಗಿರಬಹುದು, ಗಾಡಿ ಓಡಿಸಬೇಡಿ. ಹೊಳೆ ಉಕ್ಕಿದ ರಸ್ತೆಯಲ್ಲಿ ನೀರು ಏರ್ ಫಿಲ್ಟರ್‌ವರೆಗೆ ಬಂದು ಇಂಜಿನ್ ನಿಂತಿದ್ದರೆ ಸ್ಟಾರ್ಟರ್ ಮುಟ್ಟುವುದೇ ಬೇಡ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಡಿಪಿಎಫ್ ಇರುವ ಡೀಸೆಲ್‌ನಲ್ಲಿ ಇನ್ನೊಂದು ತಾಪತ್ರಯ. ಫಿಲ್ಟರಿನ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಕೆಲಸ ಮುಗಿಯುವ ಮೊದಲೇ ನೀವು ಗಾಡಿ ಆಫ್ ಮಾಡಿದರೆ ಒಂದಷ್ಟು ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಾ ಹೋಗುತ್ತದೆ. ‘ಪರವಾಗಿಲ್ಲ, ಆಯಿಲ್ ತಿನ್ನುತ್ತಿಲ್ಲ’ ಎಂದು ಖುಷಿಪಡುವ ವಿಷಯವಲ್ಲ. ಮ್ಯಾಕ್ಸ್ ಗೆರೆ ದಾಟಿದರೆ ತಕ್ಷಣ ಬದಲಿಸಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಇಂಜಿನ್ ಆ ಆಯಿಲನ್ನೇ ಎಳೆದು ಸುಟ್ಟು ಕೈಮೀರಿ ಓಡುವ ಅಪಾಯವೂ ಇದೆ.

ಹಾಗಾದರೆ ಎಷ್ಟಕ್ಕೊಮ್ಮೆ

ಕಂಪನಿ ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು ಎನ್ನುತ್ತದೆ. ಅದೇ ಮ್ಯಾನುಯಲ್‌ನಲ್ಲಿ ಕಠಿಣ ಬಳಕೆ ಎಂಬ ಇನ್ನೊಂದು ಪಟ್ಟಿ ಇರುತ್ತದೆ: ಗಿಡ್ಡ ಓಡಾಟ, ಬೆಟ್ಟ, ಧೂಳು, ಭಾರ ಎಳೆಯುವುದು. ಕೊಡಗಿನ ಬಹುಪಾಲು ಗಾಡಿಗಳು ಈ ಪಟ್ಟಿಗೇ ಸೇರುತ್ತವೆ. ಮೈಸೂರಿಗೆ ಆಗಾಗ ಹೋಗಿ ಬರುವ ಕಾರಿಗೆ ಕಂಪನಿಯ ಲೆಕ್ಕ ಸರಿ. ಊರೊಳಗೇ ಓಡುವ ಕಾರಿಗೆ 5,000 ಅಥವಾ ಆರು ತಿಂಗಳು. ತೋಟದ ಜೀಪು, ಪಿಕಪ್‌ಗೆ ಕಿಲೋಮೀಟರ್ ಬಿಟ್ಟು 200 ಗಂಟೆ ಎಣಿಸಿ. ದಿನಕ್ಕೆ ಎರಡು ಗಂಟೆ ಓಡಿದರೆ ನೂರು ದಿನಕ್ಕೆ, ಅಂದರೆ ಮೂರು ತಿಂಗಳು ಚಿಲ್ಲರೆಗೆ ಬರುತ್ತದೆ. ಬೈಕಿನಲ್ಲಿ ಇರುವುದೇ ಲೀಟರ್ ಆಸುಪಾಸು, ಮ್ಯಾನುಯಲ್ ಹೆಚ್ಚು ಹೇಳಿದರೂ 3,000ಕ್ಕೆ ಬದಲಿಸಿದರೆ ನಷ್ಟವಿಲ್ಲ. ವಾರಂಟಿ ಇರುವಾಗ ಬೇಗ ಬದಲಿಸಿದರೆ ತೊಂದರೆಯಿಲ್ಲ, ತಡಮಾಡಿದರೆ ಇದೆ. ಬಿಲ್ ಇಟ್ಟುಕೊಳ್ಳಿ.

ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸುವವರು ಮೇ ಕೊನೆಯಲ್ಲಿ, ಮಳೆಗೆ ಮುಂಚೆ ಸರ್ವಿಸ್ ಮಾಡಿಸುತ್ತಾರೆ. ಬ್ರೇಕು, ವೈಪರಿಗೆ ಅದು ಸರಿ, ಆಯಿಲ್‌ಗೆ ತಲೆಕೆಳಗು. ಮಳೆಗಾಲದ ನೀರು ಕುಡಿದ ಆಯಿಲ್‌ನಲ್ಲೇ ಕಾಫಿ ಕೊಯ್ಲಿನ ಭಾರ ಹೊರಿಸಿದಂತಾಗುತ್ತದೆ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಹಿಂದೆ ಸರಿದ ಮೇಲೆ, ನವೆಂಬರ್–ಡಿಸೆಂಬರಿನ ಹುತ್ತರಿ ಹಬ್ಬಕ್ಕೆ ಮುಂಚೆ ಬದಲಿಸಿ. ಎರಡು ಸಲ ಆಗುವುದಾದರೆ ಇನ್ನೊಂದು ಕೊಯ್ಲು, ಸಾಗಾಟ ಮುಗಿದ ಏಪ್ರಿಲ್‌ನಲ್ಲಿ. ಮಳೆಗಾಲವಿಡೀ ಶೆಡ್ಡಿನಲ್ಲೇ ನಿಲ್ಲುವ ಗಾಡಿಗೆ ಮಾತ್ರ ನಿಲ್ಲಿಸುವ ಮೊದಲು ಹೊಸ ಆಯಿಲ್ ಬೇಕು, ಹಳೆಯದರಲ್ಲಿನ ಆಮ್ಲ ನಿಂತಲ್ಲೇ ಬೇರಿಂಗ್ ಕೊರೆಯುತ್ತದೆ. ಅಂಥ ಗಾಡಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ. ಅರ್ಧ ಗಂಟೆ ಓಡಿಸಿ, ಇಲ್ಲವೇ ಮುಟ್ಟಬೇಡಿ.

ಬಣ್ಣ ನೋಡಿ ತೀರ್ಮಾನಿಸುವುದು ಡೀಸೆಲ್‌ನಲ್ಲಿ ಕೆಲಸಕ್ಕೆ ಬಾರದು, ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ಎತ್ತಿ ಹಿಡಿಯುವುದೇ ಅದರ ಕೆಲಸ. ಅನುಮಾನವಿದ್ದರೆ ಬಿಸಿ ಆಯಿಲಿನ ಒಂದು ಹನಿಯನ್ನು ಕಾಫಿ ಸೋಸುವ ಫಿಲ್ಟರ್ ಪೇಪರ್ ಮೇಲೆ ಬಿಟ್ಟು ಕೆಲವು ಗಂಟೆ ಬಿಡಿ. ಕಪ್ಪು ಮೆಲ್ಲಗೆ ಹೊರಗೆ ಹರಡಿದ್ದರೆ ಆಯಿಲಿನಲ್ಲಿ ಇನ್ನೂ ಶಕ್ತಿ ಇದೆ. ನಡುವೆ ದಟ್ಟ ಕಪ್ಪು ಚುಕ್ಕೆ ನಿಂತು ಸುತ್ತ ಬರೀ ಎಣ್ಣೆಯ ವೃತ್ತ ಇದ್ದರೆ ಮುಗಿದಿದೆ. ನೀರಿನ ಅನುಮಾನಕ್ಕೆ ಅಡುಗೆಗೆ ಬಳಸದ ಕಾವಲಿ ಕಾಯಿಸಿ, ಒಲೆ ಆರಿಸಿ ಒಂದು ಹನಿ ಬಿಡಿ, ಚಟಪಟ ಎಂದರೆ ನೀರಿದೆ.

ಮನೆಯಲ್ಲೇ ಬದಲಿಸುವಾಗ

ಗಾಡಿಯನ್ನು ಸಮತಟ್ಟು ನೆಲದಲ್ಲಿ, ಕಾಫಿ ಕಣ ಸಿಮೆಂಟಿನದಾಗಿದ್ದರೆ ಅಲ್ಲಿ, ನಿಲ್ಲಿಸಿ. ಹತ್ತು ನಿಮಿಷ ಓಡಿಸಿ ಬಂದಿರಬೇಕು; ತಣ್ಣನೆಯ ಆಯಿಲ್ ಕೊಳೆಯನ್ನು ತಳದಲ್ಲೇ ಬಿಟ್ಟು ಇಳಿಯುತ್ತದೆ, ತೀರಾ ಬಿಸಿಯದು ಕೈ ಸುಡುತ್ತದೆ. ಬರೀ ಜಾಕಿನ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಟ್ಟು ಚಕ್ರಕ್ಕೆ ಕಲ್ಲಿಡಿ. ಮೇಲಿನ ಮುಚ್ಚಳ ಮೊದಲು ತೆಗೆಯಿರಿ. ಡ್ರೈನ್ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಬಳಸಿ, ಸಡಿಲವಾದ ಡಬಲ್ ಎಂಡ್ ಸ್ಪ್ಯಾನರ್ ಮೂಲೆ ತಿನ್ನುತ್ತದೆ. ಹದಿನೈದು ನಿಮಿಷ ಹರಿಯಲು ಬಿಡಿ.

ಆಯಿಲ್ ಫಿಲ್ಟರನ್ನು ಪ್ರತಿ ಸಲ ಬದಲಿಸಿ. ಹಳೆಯದನ್ನು ತೆಗೆದಾಗ ಅದರ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಅದರ ಮೇಲೆ ಹೊಸದು ಕೂತರೆ ನಿಮಿಷದೊಳಗೆ ಆಯಿಲ್ ಎಲ್ಲ ನೆಲಕ್ಕೆ. ಹೊಸ ರಿಂಗಿಗೆ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿಮಾಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಅಲ್ಯೂಮಿನಿಯಂ ಸಂಪಿನ (ತಳದ ಆಯಿಲ್ ತೊಟ್ಟಿಯ) ಥ್ರೆಡ್ ಹಾಳಾಗುವುದು ಬಲಪ್ರದರ್ಶನದಿಂದಲೇ; ಸಾಮಾನ್ಯ ಕಾರಿಗೆ 30–40 ನ್ಯೂಟನ್ ಮೀಟರ್ ಸಾಕು.

ಮ್ಯಾನುಯಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಸ್ಟಾರ್ಟ್ ಮಾಡಿ. ಪ್ರೆಷರ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಕಾದು ಕಡ್ಡಿ ನೋಡುತ್ತಾ ಮ್ಯಾಕ್ಸ್ ಗೆರೆಯ ಸ್ವಲ್ಪ ಕೆಳಗಿನವರೆಗೆ ತುಂಬಿಸಿ. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗನ್ನು ಕಾಪಾಡುವುದಿಲ್ಲ. ತಾರೀಖು, ಕಿಲೋಮೀಟರ್, ಗ್ರೇಡ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ.

ತೋಟದ ಸಣ್ಣ ಇಂಜಿನ್‌ಗಳು

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ಹಗಲೂ ರಾತ್ರಿ ಓಡುವ ಪಂಪ್‌ಸೆಟ್ಟಿನ ಆಯಿಲನ್ನು ವರ್ಷಗಟ್ಟಲೆ ಮರೆಯುವವರಿದ್ದಾರೆ. ಸತತ ಓಡಿದರೆ 100 ಗಂಟೆ ಎಂದರೆ ನಾಲ್ಕೇ ದಿನ! ಹೋಂಡಾ ಜಿಎಕ್ಸ್160 ತರಹದ ಪೆಟ್ರೋಲ್ ಇಂಜಿನ್ನಿಗೆ ಸುಮಾರು 600 ಮಿಲಿ ಆಯಿಲ್. ಹೊಸದರಲ್ಲಿ 20 ಗಂಟೆಗೆ, ಆಮೇಲೆ 100 ಗಂಟೆ ಅಥವಾ ಆರು ತಿಂಗಳಿಗೆ ಬದಲಿಸಬೇಕು. ಜಿಎಕ್ಸ್35 ಇಂಜಿನ್ನಿನ ಕಳೆ ಕೊಚ್ಚುವ ಮೆಷಿನ್ನಿಗೆ 100 ಮಿಲಿ ಮಾತ್ರ, 50 ಗಂಟೆಗೊಮ್ಮೆ. ಅಷ್ಟು ಕಡಿಮೆ ಇರುವುದರಿಂದ ಕೆಲಸಕ್ಕೆ ಇಳಿಯುವ ಮೊದಲು ದಿನವೂ ಮಟ್ಟ ನೋಡಬೇಕು. ಟೂ ಸ್ಟ್ರೋಕ್ ಮೆಷಿನ್ನಿನಲ್ಲಿ ಆಯಿಲ್ ಬದಲಿಸುವ ಪ್ರಶ್ನೆಯೇ ಇಲ್ಲ, ಪೆಟ್ರೋಲಿಗೆ ಬೆರೆಸುವುದು: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40. ಕಣ್ಣಂದಾಜು ಬೇಡ, ಔಷಧಿ ಅಳೆಯುವ ಮುಚ್ಚಳ ಇಟ್ಟುಕೊಳ್ಳಿ. ಆಳುಗಳು ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎರಡೂ ಮೆಷಿನ್ ಬಳಸುವ ಮನೆಯಲ್ಲಿ ಕ್ಯಾನ್‌ಗೆ ಬೇರೆ ಬೇರೆ ಬಣ್ಣ ಹಚ್ಚಿಡಿ. ಬರೀ ಪೆಟ್ರೋಲ್ ಟೂ ಸ್ಟ್ರೋಕಿಗೆ ಹೋದರೆ ಪಿಸ್ಟನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ.

ಇಳಿಸಿದ ಆಯಿಲನ್ನು ಬೇಲಿ ಕಂಬಕ್ಕೆ ಬಳಿಯುವ, ತೋಡಿಗೆ ಚೆಲ್ಲುವ ರೂಢಿ ಇದೆ. ನಮ್ಮ ತೋಡೆಲ್ಲ ಹೋಗಿ ಸೇರುವುದು ಹೊಳೆಗೆ, ಅಲ್ಲಿಂದ ಯಾರದೋ ಕುಡಿಯುವ ನೀರಿಗೆ. ಹೊಸ ಆಯಿಲ್ ಬಂದ ಡಬ್ಬದಲ್ಲೇ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಕೂಲೆಂಟ್, ಪೆಟ್ರೋಲ್, ನೀರು ಅದರಲ್ಲಿ ಬೆರೆಯದಿರಲಿ, ಬೆರೆತರೆ ಅವರು ತೆಗೆದುಕೊಳ್ಳುವುದಿಲ್ಲ. ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಬಸಿದು ಆಮೇಲೆ ಕೊಡಿ. ಖಾಲಿ ಡಬ್ಬ ಗುಜರಿಗೆ ಹೋಗುವ ಮೊದಲು ಅದರ ತಳಕ್ಕೆ ತೂತು ಹೊಡೆಯಿರಿ. ಇಲ್ಲವಾದರೆ ಅದೇ ಡಬ್ಬದಲ್ಲಿ ನಕಲಿ ಆಯಿಲ್ ತುಂಬಿ ಮಾರುವವರ ಕೈಸೇರಬಹುದು.