ದೂರದಿಂದ ಒಟ್ಟಿಗೆ ಹಾಡಲು ಹೊರಟಾಗ

ಬೇರೆ ಬೇರೆ ಊರಲ್ಲಿರುವ ಇಬ್ಬರು ಮೊಬೈಲಿನಲ್ಲೇ ಒಟ್ಟಿಗೆ ಹಾಡಬೇಕು. ಅಂಥದ್ದೊಂದು ಆ್ಯಪ್ ಮಾಡುತ್ತಿದ್ದೇನೆ. ನೆಟ್ ಸ್ಪೀಡ್ ಜಾಸ್ತಿ ಇದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅಂತಲೇ ಶುರು ಮಾಡಿದ್ದು.

ಮೊದಲ ದಿನ ಹಾಡಲೇ ಇಲ್ಲ. ಸುಮ್ನೆ ಚಪ್ಪಾಳೆ ತಟ್ಟಿ ನೋಡೋಣ ಅಂದುಕೊಂಡೆವು. ಆ ಕಡೆ ನನ್ನ ಗೆಳತಿ, ಈ ಕಡೆ ನಾನು. ಎಂಟು ಹತ್ತು ಏಟು ಆಗುವಷ್ಟರಲ್ಲಿ ತಾಳ ನಿಧಾನವಾಗತೊಡಗಿತು. "ನೀನು ಎಳೀತಿದ್ದೀಯ ಕಣೋ" ಅಂದಳು. ನನಗೆ ಅವಳೇ ಎಳೆಯುತ್ತಿದ್ದಾಳೆ ಅನ್ನಿಸುತ್ತಿತ್ತು. ಅವಳ ಚಪ್ಪಾಳೆ ನನಗೆ ತಡವಾಗಿ ಕೇಳುತ್ತದೆ, ಅದಕ್ಕೆ ಹೊಂದಿಕೊಳ್ಳಲು ನಾನು ಕಾಯುತ್ತೇನೆ. ಅಲ್ಲಿ ಅವಳದ್ದೂ ಅದೇ ಪಾಡು. ಇಬ್ಬರೂ ಕಾದರೆ ತಾಳ ಉಳಿಯುವುದಾದರೂ ಹೇಗೆ? ಆಗ ಇಬ್ಬರ ಫೋನಲ್ಲೂ ನೆಟ್ ಸ್ಪೀಡ್ ಚೆನ್ನಾಗಿಯೇ ಇತ್ತು.

ಒಂದು ದನಿ ಕಳಿಸಲು ಸೆಕೆಂಡಿಗೆ 64 ಕಿಲೋಬಿಟ್ ಇದ್ದರೂ ನಡೆಯುತ್ತದೆ. ಹಾಡಿಗೆ ಕಾಟ ಕೊಡುವುದು ತಡ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 10 ಮೀಟರ್ ದೂರ ನಿಂತವರ ದನಿ ತಲುಪಲು 29 ಮಿಲಿಸೆಕೆಂಡ್ ಬೇಕು. ತಾಳ ಹಿಡಿದು ಹಾಡಲು ಹೆಚ್ಚುಕಡಿಮೆ ಅಷ್ಟೇ ಗಡಿ. ಬರೀ ಮಾತಾದರೆ 150 ಮಿಲಿಸೆಕೆಂಡ್ ತಡವಾದರೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಆಮೇಲೆ ಒಂದೊಂದೇ ಮಿಲಿಸೆಕೆಂಡ್ ಹುಡುಕಿ ಉಳಿಸುವ ಕೆಲಸ. ಬ್ಲೂಟೂತ್ ಇಯರ್‌ಫೋನ್ ಒಂದೇ 100ಕ್ಕಿಂತ ಜಾಸ್ತಿ ನುಂಗುತ್ತಿತ್ತು. ಅದನ್ನು ತೆಗೆದು ವೈರ್ ಇರುವುದು ಹಾಕಿದೆವು. ದನಿಯನ್ನು ಕುಗ್ಗಿಸಿ ಕಳಿಸುವ ಓಪಸ್ ಕೋಡೆಕ್‌ನಲ್ಲಿ ಅದನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸುತ್ತಿದ್ದೆ, 5ಕ್ಕೆ ಇಳಿಸಿದೆ. ನೆಟ್‌ನಲ್ಲಿ ಡೇಟಾ ಕಳಿಸುವ ಎರಡು ಬಗೆಗಳಲ್ಲಿ, ಕಳೆದದ್ದನ್ನು ಮತ್ತೆ ಕಳಿಸುವ ಟಿಸಿಪಿ ಬಿಟ್ಟು, ಅದಕ್ಕೆ ಕಾಯದ ಯುಡಿಪಿಗೆ ಬಂದೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಕಳೆದರೆ, ಅದು ಮತ್ತೆ ಬರುವವರೆಗೂ ಅದರ ನಂತರ ಬಂದವೆಲ್ಲ ಸಾಲಿನಲ್ಲಿ ನಿಲ್ಲುತ್ತವೆ. ಹಾಡಿನಲ್ಲಿ ಕಳೆದ ಸ್ವರ ತಡವಾಗಿ ಬಂದು ಏನು ಮಾಡೀತು?

ಇಷ್ಟಾದ ಮೇಲೆ ಉಳಿದದ್ದು ನೆಟ್‌ವರ್ಕ್‌ನದೇ ತಡ. 4ಜಿಯಲ್ಲಿ ಏನಾದರೂ ಕಳಿಸುವ ಮೊದಲು ಫೋನು ಸಾಮಾನ್ಯವಾಗಿ ಟವರ್‌ನ ಅನುಮತಿ ಕೇಳಿ ಕಾಯಬೇಕು. 5ಜಿಯಲ್ಲಿ ಕಳಿಸಲು ಸಿಗುವ ಸಮಯದ ಹೋಳುಗಳು ಚಿಕ್ಕವು, ಹಾಗಾಗಿ ಸರದಿಗೆ ಕಾಯುವುದು ಕಡಿಮೆ. ಮೊದಲೇ ಅನುಮತಿ ಕೊಟ್ಟಿಡುವ ದಾರಿಯೂ ಅದರಲ್ಲಿದೆ. ಆದರೆ 1 ಮಿಲಿಸೆಕೆಂಡ್ ಅಂತ ಎಲ್ಲೆಡೆ ಓದುತ್ತೇವಲ್ವಾ, ಅದು ಫೋನು ಮತ್ತು ಟವರ್ ನಡುವಿನ ಗುರಿ ಮಾತ್ರ. ಅದೂ ವಿಶೇಷ ಬಗೆಯ ಸೇವೆಗಳಿಗೆ. ಟವರ್ ಆಚೆ ಫೈಬರ್‌ನಲ್ಲಿ 1000 ಕಿಲೋಮೀಟರ್ ಹೋಗಲು ಬೆಳಕಿಗೇ 5 ಮಿಲಿಸೆಕೆಂಡ್ ಬೇಕು. ಇದನ್ನು ಯಾವ ಹೊಸ 'ಜಿ' ಬಂದರೂ ಕಡಿಮೆ ಮಾಡಲಾಗದು. ಹಾಗಾಗಿ ಇಬ್ಬರ ದನಿಯನ್ನೂ ದಾಟಿಸುವ ಸರ್ವರನ್ನೇ ಹಾಡುವವರ ಹತ್ತಿರ ತಂದೆವು. ಆವತ್ತು ಮೊದಲ ಸಲ ಪಲ್ಲವಿಯಿಂದ ಕೊನೆಯವರೆಗೂ ತಾಳ ನಿಂತಿತು. ಹಾಡು ಮುಗಿದ ಮೇಲೂ ಇಬ್ಬರೂ ಮಾತಾಡಲಿಲ್ಲ, ಅಷ್ಟು ಖುಷಿ.

ಸಂಜೆ ಅದೇ ಜಾಗದಲ್ಲಿ ಮತ್ತೆ ಕೆಟ್ಟಿತು. ಟವರ್ ಮೇಲೆ ಜನ ಜಾಸ್ತಿ ಆದಾಗ ಪ್ಯಾಕೆಟ್‌ಗಳು ಕ್ಯೂ ನಿಲ್ಲುತ್ತವೆ. ಒಂದು 15 ಮಿಲಿಸೆಕೆಂಡಿಗೆ ಬಂದರೆ ಇನ್ನೊಂದು 70ಕ್ಕೆ ಬರುತ್ತದೆ. ದನಿ ತುಂಡಾಗದಿರಲಿ ಅಂತ, ಬಂದದ್ದನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಬಫರ್ ದೊಡ್ಡದು ಮಾಡಿದರೆ ತಡ ಮತ್ತೆ ಹೆಚ್ಚುತ್ತದೆ. ನನ್ನ ಲೆಕ್ಕದಲ್ಲಿ ಮುಂದಿನ ನೆಟ್‌ವರ್ಕ್‌ಗಳ ನಿಜವಾದ ಪರೀಕ್ಷೆ ಇಲ್ಲೇ ಇದೆ. ದೂರದಿಂದ ಯಂತ್ರ ನಡೆಸುವವರಿಗೂ ಬೇಕಾದದ್ದು ಇದೇ: ವೇಗಕ್ಕಿಂತ ಹೆಚ್ಚಾಗಿ, ಪ್ರತಿ ಸಲವೂ ಅಷ್ಟೇ ಹೊತ್ತಿಗೆ ತಲುಪುವ ಭರವಸೆ. ಕ್ಯೂ ಬೆಳೆಯುವ ಮೊದಲೇ ಆ್ಯಪ್‌ಗೆ ಸುಳಿವು ಕೊಡುವ ಎಲ್4ಎಸ್ ಅನ್ನುವ ವಿಧಾನ 2023ರಲ್ಲಿ ಪ್ರಕಟವಾಗಿದೆ. ನನಗೆ ಜಾಸ್ತಿ ಆಸೆ ಇರುವುದು ಅದರ ಮೇಲೆಯೇ.

ಈಗ ನಾನು ಸರಾಸರಿ ತಡ ನೋಡುವುದನ್ನೇ ಬಿಟ್ಟಿದ್ದೇನೆ. ನೂರು ಪ್ಯಾಕೆಟ್‌ಗಳಲ್ಲಿ ಎಲ್ಲಕ್ಕಿಂತ ತಡವಾಗಿ ಬಂದದ್ದು ಯಾವುದು, ಅದನ್ನು ಮೊದಲು ನೋಡುತ್ತೇನೆ. ತಾಳ ತಪ್ಪುವುದು ಅಲ್ಲೇ.